ಒಂದು ಪದಕ್ಕೆ ಮೂವತ್ತನಾಲ್ಕು ದಿನ

ಮಾರ್ಚ್ 20, ಭಾನುವಾರ

ಪ್ರೀತಿಯ ಇಂಚುಪಟ್ಟಿಗೆ,

ನೀನು ಚೆನ್ನಾಗಿದ್ದೀಯೆಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳಿ ತಿಳಿಯುತ್ತಿದ್ದೇನಾದರೂ ಕಾಗದದಲ್ಲಿ ಮತ್ತೊಮ್ಮೆ ಕೇಳುವುದು ಕ್ರಮ. ಚೆನ್ನಾಗಿದ್ದೀಯಾ? ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಫೆಬ್ರವರಿ ಹದಿನಾಲ್ಕಕ್ಕೇ ಕೈಸೇರಿತು. ಇವತ್ತಿಗೆ ಮೂವತ್ತನಾಲ್ಕು ದಿನ. ತಡವಾದುದಕ್ಕೆ ಕ್ಷಮಿಸು ಎಂದು ಬರೆದು, ಕಾರಣ ಬರೆಯಲು ಎರಡು ಸಾಲು ಜಾಗ ಬಿಟ್ಟು, ಮೂರು ಸಲ ಹಾಳೆ ಹರಿದಿದ್ದೇನೆ. ಕೆಲಸ ಹೆಚ್ಚಿತ್ತು ಎನ್ನಬಹುದಿತ್ತು. ಹೆಚ್ಚಿರಲಿಲ್ಲ. ಮೈ ಸರಿ ಇರಲಿಲ್ಲ ಎಂದರೆ ನೀನು ನಿಮ್ಮಮ್ಮನಿಗೆ ಫೋನ್ ಮಾಡಿ ವಿಚಾರಿಸುತ್ತೀ. ಆದ್ದರಿಂದ ಕಾರಣವಿಲ್ಲದ ಕ್ಷಮಾಪಣೆಯನ್ನೇ ಒಪ್ಪಿಕೋ.

ಈ ಮಧ್ಯೆ ನಾಲ್ಕು ಭಾನುವಾರ ಫೋನಿನಲ್ಲಿ ಮಾತಾಡಿದ್ದೇವೆ. ನಾಲ್ಕು ಸಲವೂ ನೀನು ಕಾಗದದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಗ್ಯಾಸ್ ಬಂತಾ, ಬಂತು. ನಲ್ಲಿ ಸರಿಹೋಯ್ತಾ, ಹೋಗತ್ತೆ. ಸರಿ ಹಾಗಿದ್ರೆ, ಸರಿ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ಕೂತಿರುತ್ತೇನೆ, ಮರೆತ ಮಾತು ನೆನಪಾಗಿ ನೀನು ಮತ್ತೆ ಮಾಡಬಹುದು ಎಂದು. ಮರೆಯುವವಳು ನೀನಲ್ಲ ಎಂಬುದು ನನಗೆ ಗೊತ್ತಿರುವಾಗಲೂ.

ಮನೆಯ ಸಮಾಚಾರ. ಬಚ್ಚಲಿನ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಪ್ಲಂಬರ್ ಬಂದು ನೋಡಿ, "ವಾಷರ್ ಹೋಗಿದೆ ಸಾರ್, ನಾಳೆ ತರ್ತೀನಿ" ಎಂದು ಹೋದವನು ಇನ್ನೂ ಆ ನಾಳೆಯಲ್ಲೇ ಇದ್ದಾನೆ. ಮೇಲಿನ ಮನೆಗೆ ಹೊಸಬರು ಬಂದಿದ್ದಾರೆ. ಹಗಲೆಲ್ಲ ಯಾರೋ ಕುರ್ಚಿ ಎಳೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಎಳೆಯದ ದಿನ ಕಿವಿಕೊಟ್ಟು ಕೂರುತ್ತೇನೆ. ನಿಮ್ಮಮ್ಮ ಗುರುವಾರ ತಪ್ಪಿಸುವುದಿಲ್ಲ. ಹೋದ ವಾರ ಬಿಟ್ಟ ಡಬ್ಬಿ ತಗೊಂಡು ಹೋಗೋಣ ಅಂತ ಬಂದೆ ಎನ್ನುತ್ತಾರೆ, ಹೋಗುವಾಗ ಇನ್ನೊಂದು ಡಬ್ಬಿ ಬಿಟ್ಟುಹೋಗುತ್ತಾರೆ. ಮೊನ್ನೆ ನಡುಮನೆಯಲ್ಲಿ ನಿಂತು ಸುತ್ತ ನೋಡಿ, "ಅಳಿಯಂದ್ರೇ, ಈ ಮನೇಲಿ ಗಡಿಯಾರ ಬಿಟ್ರೆ ಮಾತಾಡೋರೇ ಇಲ್ವಲ್ಲ" ಎಂದರು. ಗಡಿಯಾರವೂ ನಿಂತು ಎಂಟು ದಿನವಾಯಿತೆಂದು ನಾನು ಹೇಳಲಿಲ್ಲ.

ನಿನ್ನ ಕಾಗದವನ್ನು ಈಗ ಮುಂದಿಟ್ಟುಕೊಂಡಿದ್ದೇನೆ. ಎಡಬದಿಯಲ್ಲಿ ಒಂದೂವರೆ ಇಂಚು ಜಾಗ ಬಿಟ್ಟು ಬರೆದಿದ್ದೀ, ನಾನು ತಿದ್ದುವುದಕ್ಕೆಂಬಂತೆ. ಎರಡು ಪ್ರಶ್ನೆ ಕೇಳಿದ್ದೀ. ಮೊದಲನೆಯದು: "ಇಲ್ಲಿ ನಾಲ್ಕಂತಸ್ತಿನ ಒಂದು ಹಳೇ ಕಟ್ಟಡ ಇದೆ, ಇಪ್ಪತ್ತೆರಡು ಮನೆ. ಮೂರನೇ ಮಹಡಿ ಮೆಟ್ಟಿಲಿನ ತಿರುವಲ್ಲಿ ಬಿರುಕು. ಬಿರುಕು ಬೆಳೀತಿದೆಯಾ ನೋಡೋಕೆ ಅಡ್ಡ ಗಾಜಿನ ಪಟ್ಟಿ ಅಂಟಿಸಿದ್ದೆ, ಒಂಬತ್ತು ದಿನದಲ್ಲಿ ಎರಡು ಸಲ ಒಡೀತು. ರಿಪೋರ್ಟಲ್ಲಿ ಕುಸಿತ ಇಮ್ಮಿನೆಂಟ್ ಅಂತ ಬರೆದೆ. ಹೊಸ ಇಂಜಿನಿಯರು ಹೊಡೆದುಹಾಕಿ ಪಾಸಿಬಲ್ ಅಂತ ಬರೆದ್ರು. ಆ ಪದ ಇದ್ರೆ ಇವತ್ತೇ ಅಷ್ಟೂ ಮನೆ ಖಾಲಿ ಮಾಡಿಸ್ಬೇಕು, ಅರ್ಥ ಗೊತ್ತಿದ್ದು ಬರೆದ್ರೋ ಕೇಳಿದ್ದು ಬರೆದ್ರೋ ಅಂದ್ರು. ಮೇಷ್ಟ್ರೇ, ಅರ್ಥ ಏನು? ಯಾವಾಗ ಬಳಸ್ಬೇಕು, ಯಾವಾಗ ಬಳಸ್ಬಾರ್ದು? ಉದಾಹರಣೆ ಸಮೇತ ಬರೀರಿ."

ಎರಡನೆಯದು ಅದರ ಕೆಳಗೇ, ಬೇರೆ ಪ್ಯಾರಾ ಕೂಡ ಮಾಡದೆ: "ಮಾರ್ಚ್ ಇಪ್ಪತ್ತೆಂಟಕ್ಕೆ ಇಲ್ಲಿ ನನ್ನ ಎರಡು ವರ್ಷ ಮುಗಿಯತ್ತೆ. ಅವತ್ತಿನ ಒಳಗೆ ಒಂದು ಫಾರಂ ಕೊಡ್ಬೇಕು. ಇಲ್ಲೇ ಖಾಯಂ ಆಗ್ತೀನಿ ಅಂತ, ಇಲ್ಲಾ ವಾಪಸ್ ಹೋಗ್ತೀನಿ ಅಂತ. ಒಂದ್ಸಲ ಬರೆದುಕೊಟ್ರೆ ಬದಲಾಯಿಸೋ ಹಾಗಿಲ್ಲ. ನೀವೇನಂತೀರಿ? ಫೋನಲ್ಲಿ ಕೇಳಿದ್ರೆ 'ನೋಡೋಣ' ಅಂತೀರಿ, ಅದಕ್ಕೇ ಬರೀತಿದ್ದೀನಿ."

ಮೊದಲನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪ್ರಶ್ನೆಪತ್ರಿಕೆಯ ಅನುಕ್ರಮ ಕೆಡಿಸಬಾರದೆಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳುವುದಿದೆ.

ಮುಂದೆ ಬರಲಿರುವ ಸಂಗತಿಗೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. 'ಫೋರ್ತ್‌ಕಮಿಂಗ್' ಎಂದರೆ ದಿನ ಗೊತ್ತಾಗಿ ಪಟ್ಟಿಗೆ ಸೇರಿರುವಂಥದ್ದು: ಸಭೆ, ಪುಸ್ತಕ, ಚುನಾವಣೆ. ಅದಕ್ಕೆ ಯಾರೂ ಹೆದರುವುದಿಲ್ಲ. 'ಇಂಪೆಂಡಿಂಗ್' ಎಂದರೆ ತಲೆಯ ಮೇಲೆ ತೂಗುತ್ತಿರುವುದು. ಯಾವಾಗ ಎಂದು ತಿಳಿಯದು, ಆದರೆ ಊಟ ರುಚಿಸುವುದಿಲ್ಲ. 'ಇಮ್ಮಿನೆಂಟ್' ಎರಡೂ ಅಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಮುಂದಕ್ಕೆ ಚಾಚಿ ಬಾಗಿರುವುದು ಎಂಬ ಅರ್ಥವಿದೆ, ಕೆಳಗೆ ನಿಂತವನ ಮೇಲೆ ವಾಲಿದ ಬಂಡೆಯ ಹಾಗೆ. ಇದಾದ ಮೇಲೆ ಯಾವುದು ಎಂದು ಕೇಳಿದರೆ, ಮುಂದಿನ ಸರದಿ ಅದರದೇ. ನಡುವೆ ಬೇರೇನೂ ಇಲ್ಲ. ಎಷ್ಟು ಗಂಟೆ, ಎಷ್ಟು ದಿನ ಎಂದು ಪದ ಹೇಳುವುದಿಲ್ಲ. ಮಳೆಗಾದರೆ ಹತ್ತು ನಿಮಿಷ, ಹೆರಿಗೆಗಾದರೆ ಒಂದು ದಿನ, ಯುದ್ಧಕ್ಕಾದರೆ ತಿಂಗಳೂ ಆದೀತು. ಹೆಚ್ಚಾಗಿ ಕೆಟ್ಟದ್ದಕ್ಕೆ ಬಳಕೆ, ಆದರೆ ಕಡ್ಡಾಯವಲ್ಲ. ಒಬ್ಬರ ಆಗಮನ, ಬಿಡುಗಡೆ ಕೂಡ ಇಮ್ಮಿನೆಂಟ್ ಆಗಬಹುದು. ವ್ಯಕ್ತಿಯೇ ಇಮ್ಮಿನೆಂಟ್ ಆಗುವಂತಿಲ್ಲ.

ಆಗುವಂತಿಲ್ಲ ಎಂದು ಪಾಠದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಆದರೂ ಈ ಸಲದ ಕಟ್ಟಿನಲ್ಲಿ ಏನೇನು ಬಂದಿದೆ ನೋಡು. ಅಂಚೆಯಲ್ಲಿ ಇಂಗ್ಲಿಷ್ ಕಲಿಯುವವರು ನಮ್ಮ ಕಚೇರಿಗೆ ಕಳಿಸುವ ಉತ್ತರದ ಪುಸ್ತಕ ನಲವತ್ತಕ್ಕೆ ಒಂದು ಕಟ್ಟು, ನಿನಗೆ ಗೊತ್ತೇ ಇದೆ. ಹತ್ತನೇ ಪ್ರಶ್ನೆ ಯಾವಾಗಲೂ ಸ್ವಂತ ವಾಕ್ಯದಲ್ಲಿ ಬಳಸಿ ಎಂಬುದು. ಆಂಬುಲೆನ್ಸ್ ಓಡಿಸುವವನೊಬ್ಬ ಬರೆದಿದ್ದಾನೆ: "ನಾನು ಇಮ್ಮಿನೆಂಟ್, ದಾರಿ ಬಿಡಿ." ಬ್ಯೂಟಿ ಪಾರ್ಲರಿನ ಹೆಂಗಸು: "ನಮ್ಮತ್ತೆ ಇಮ್ಮಿನೆಂಟ್, ಆದ್ದರಿಂದ ಉತ್ತರವನ್ನು ಇಲ್ಲಿಗೆ ನಿಲ್ಲಿಸುತ್ತೇನೆ." ನಿಜಕ್ಕೂ ಅಲ್ಲಿಗೇ ನಿಲ್ಲಿಸಿದ್ದಾಳೆ. ಲೇತ್ ಯಂತ್ರದ ಮುಂದೆ ಕೆಲಸ ಮಾಡುವ ಒಬ್ಬರು, ನನಗಿಂತ ಹಿರಿಯರಿರಬೇಕು: "ನನ್ನ ಬಡ್ತಿ ಒಂಬತ್ತು ವರ್ಷದಿಂದ ಇಮ್ಮಿನೆಂಟ್ ಆಗಿದೆ." ಅರ್ಥದ ಲೆಕ್ಕದಲ್ಲಿ ತಪ್ಪು. ಪೂರ್ತಿ ಅಂಕ ಕೊಟ್ಟೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನಬೇಕೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 'ಸನ್ನಿಹಿತ' ಎಂದು ನಿಘಂಟು ಹೇಳುತ್ತದೆ. ಅದು ಭಾಷಣದ ಮಾತು, ಅದನ್ನು ಕೇಳಿ ಯಾರೂ ಜಾಗ ಬಿಟ್ಟು ಏಳುವುದಿಲ್ಲ. ನಾವು ಬಾಯಲ್ಲಿ ಹೇಳುವಾಗ ಇನ್ನೂ ಆಗದ್ದನ್ನು ಆಗಿಹೋಯಿತೆಂದೇ ಹೇಳುತ್ತೇವೆ. ಒಲೆಯ ಮೇಲಿನ ಹಾಲು ಅಂಚಿಗೆ ಬಂದಾಗ "ಉಕ್ಕಿತು, ಉಕ್ಕಿತು" ಎನ್ನುತ್ತೇವೆ, ಉಕ್ಕಿರುವುದಿಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದ "ಬಂದೆ" ಎನ್ನುವವನು ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ಈ ಮೂವತ್ತನಾಲ್ಕು ದಿನದಲ್ಲಿ ನಾನು ಕಂಡುಕೊಂಡ ಹೊಸ ವಿಷಯ ಇದೊಂದೇ. ಹೇಳಲು ಯಾರಿದ್ದಾರೆ ಎಂದು ನೋಡಿದೆ. ಕಚೇರಿಯಲ್ಲಿ ಪಕ್ಕದ ಮೇಜಿನ ವ್ಯಾಕರಣದಮ್ಮನಿಗೆ ಹೇಳಿದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಪೂರ್ತಿ ಕೇಳಿಸಿಕೊಂಡರು. ಇನ್ನು ಮೂರು ತಿಂಗಳಿಗೆ ನಿವೃತ್ತಿಯಾಗುವ ಹೆಂಗಸು, ಯಾರ ಮುಲಾಜೂ ಇಲ್ಲ. "ಈ ಪದ ಕೇಳಿದ್ದು ಯಾರು, ವಿದ್ಯಾರ್ಥಿನಾ?" ಎಂದರು.

"ಅಲ್ಲ, ಮನೆಯವರು. ಕಾಗದ ಬರೆದಿದ್ರು."

"ಯಾವಾಗ?"

"ಹೋದ ತಿಂಗಳು."

"ಹಾಗಿದ್ರೆ ಅವರು ಪದ ಕೇಳಿಲ್ಲ ಬಿಡಿ" ಎಂದು ಕನ್ನಡಕ ಹಾಕಿಕೊಂಡು ತಮ್ಮ ಕಟ್ಟು ಬಿಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ, "ಉತ್ತರ ಬರೆದ್ರಾ?" ಎಂದರು. ಬರೆಯುತ್ತಿದ್ದೇನೆ ಎಂದೆ. "ಹ್ಞಾಂ, ಬಂದೆ ಬಂದೆ ಅಂದ ಹಾಗೆ" ಎಂದರು.

ಇಲ್ಲಿಗೆ ಬಂದಾಗ ಒಂದು ವಿಷಯ ಬರೆಯದೆ ಮುಂದೆ ಹೋಗಲಾರೆ. ನಿನ್ನ ಕಾಗದ ಬಂದ ಹನ್ನೊಂದನೇ ದಿನ, ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಆ ಮೆಟ್ಟಿಲು ಬಿತ್ತಂತೆ. ಅದಕ್ಕೂ ನಾಲ್ಕು ದಿನ ಮೊದಲಿನಿಂದ ನೀನು ಅಡ್ಡ ಹಗ್ಗ ಕಟ್ಟಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ನಿಂತು, ಮುದುಕರನ್ನೂ ಮಕ್ಕಳನ್ನೂ ಹಿಂದಿನ ಕಬ್ಬಿಣದ ಏಣಿಯಲ್ಲಿ ಹತ್ತಿಸಿ ಇಳಿಸಿ, ಬೈಸಿಕೊಂಡಿದ್ದೆಯಂತೆ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಇದನ್ನು ನನಗೆ ಹೇಳಿದ್ದು ನಿಮ್ಮಮ್ಮ, ಮುಂದಿನ ಗುರುವಾರ, ಡಬ್ಬಿ ತೊಳೆಯುತ್ತ. ಇಂಜಿನಿಯರು ಏನೆಂದರು ಎಂದು ಕೇಳಿದೆ. "ಏನಂತಾರೆ, ಬಂದು ಕೈಕಟ್ಟಿ ನಿಂತ್ರಂತೆ. ಅವಳಿಗೆ ಬೇಕಿದ್ದದ್ದು ಅವರ ಉತ್ತರ ಅಲ್ಲ. ನಿಮ್ಮ ಕಾಗದಕ್ಕೆ ಕಾದಿದ್ರೆ ಹತ್ತು ಜನ ಕಲ್ಲಿನ ಕೆಳಗಿರ್ತಿದ್ರು ಅಳಿಯಂದ್ರೇ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು.

ಮೆಟ್ಟಿಲು ಬಿದ್ದ ಎರಡನೇ ದಿನ ಭಾನುವಾರ. ಆವತ್ತು ಫೋನಿನಲ್ಲಿ "ಇಲ್ಲೆಲ್ಲಾ ಮಾಮೂಲು" ಎಂದೆ ನೀನು. ನಾನು ಇಲ್ಲೂ ಮಾಮೂಲು ಎಂದೆ.

ಆದ್ದರಿಂದ ನಿನ್ನ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಿನ್ನ ಬಳಕೆ ಸರಿಯಾಗಿತ್ತು. ಇದನ್ನು ಫೆಬ್ರವರಿ ಹದಿನೈದಕ್ಕೆ ಒಂದು ಸಾಲಿನಲ್ಲಿ ಬರೆದು ಹಾಕಬಹುದಿತ್ತು. ನಾನು ಅರ್ಥದ ಅಂಚುಗಳನ್ನು ನೋಡುತ್ತಿದ್ದೆ.

ಮಾರ್ಚ್ 22, ಮಂಗಳವಾರ

ಮೊನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಸಂಜೆ ನೀನು ಫೋನ್ ಮಾಡಿದಾಗ ಈ ಹಾಳೆಗಳು ಮೇಜಿನ ಮೇಲೇ ಇದ್ದವು. ಏನ್ಮಾಡ್ತಿದ್ರಿ ಎಂದು ಕೇಳಿದೆ. ಏನಿಲ್ಲ ಎಂದೆ. ನೀನು "ಸೋಮವಾರ ಇಪ್ಪತ್ತೆಂಟು" ಎಂದೆ. "ಹೌದಲ್ಲ" ಎಂದೆ ನಾನು, ಕ್ಯಾಲೆಂಡರ್ ನೋಡಿದವನ ಹಾಗೆ.

ಪದದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಈ ಪದ ನಿನಗೆ ಹೊಸತಲ್ಲ, ಎರಡು ವರ್ಷದ ಹಿಂದೆ ನಾನೇ ಕಲಿಸಿದ್ದು. ಇಲಾಖೆಯ ಪರೀಕ್ಷೆಗೆ ನೀನು ಓದುತ್ತಿದ್ದ ದಿನಗಳು. ಬಿರುಕಿನ ಅಗಲ ಕಣ್ಣಳತೆಯಲ್ಲೇ ಹೇಳಿ ಇಂಚುಪಟ್ಟಿ ಎನಿಸಿಕೊಂಡವಳು ಇಂಗ್ಲಿಷಿನಲ್ಲಿ ರಿಪೋರ್ಟು ಬರೆಯಲಾಗದೆ ಎರಡು ಸಲ ಫೇಲಾಗಿದ್ದೆ. ಬೆಳಿಗ್ಗೆ ಏಳಕ್ಕೆ, ನಿನ್ನ ಬಸ್ಸಿಗೆ ಮೊದಲು, ಟೀ ಕುಡಿಯುವಷ್ಟು ಹೊತ್ತಿನಲ್ಲಿ ದಿನಕ್ಕೊಂದು ಪದ. ನಾನು ಪದ ಕೊಡಬೇಕು, ನೀನು ವಾಕ್ಯ ಬರೆಯಬೇಕು, ವಾಕ್ಯ ನಿಜವಾಗಿರಬೇಕು. ಕಟ್ಟುಕತೆಯ ವಾಕ್ಯಕ್ಕೆ ಪದ ಅಂಟಿಕೊಳ್ಳುವುದಿಲ್ಲ ಎಂಬುದು ನನ್ನ ಹಟ. "ನಿಜ ಬರೆದ್ರೆ ನಿಮಗೇ ಕಷ್ಟ ಮೇಷ್ಟ್ರೇ" ಎನ್ನುತ್ತಿದ್ದೆ ನೀನು. 'ಸ್ಟಬ್ಬರ್ನ್' ಕೊಟ್ಟ ದಿನ ನನ್ನ ಮೇಲೆ ಬರೆದೆ. 'ಟಾಲರೇಟ್' ಕೊಟ್ಟ ದಿನವೂ ನನ್ನ ಮೇಲೇ ಬರೆದೆ. ಎರಡಕ್ಕೂ ಪೂರ್ತಿ ಅಂಕ ಕೊಟ್ಟು ಇಬ್ಬರೂ ನಕ್ಕೆವು. ಈಗ ಯೋಚಿಸಿದರೆ ನಾವು ಒಬ್ಬರಿಗೊಬ್ಬರು ಹೇಳಿಕೊಂಡದ್ದೆಲ್ಲ ಹೆಚ್ಚುಕಡಿಮೆ ಆ ನೋಟ್‌ಬುಕ್ಕಿನಲ್ಲೇ ಇತ್ತೇನೋ. ಅದರ ಹೊರಗೆ ಹಾಲು, ಕರೆಂಟು ಬಿಲ್ಲು, ನಿಮ್ಮಮ್ಮನ ಮಂಡಿನೋವು.

'ಇಮ್ಮಿನೆಂಟ್' ಕೊಟ್ಟದ್ದು ಒಂದು ಗುರುವಾರ. ನೀನು ಬಹಳ ಹೊತ್ತು ಪೆನ್ನು ಕಚ್ಚುತ್ತ ಕೂತಿದ್ದೆ. ಬಸ್ಸಿಗೆ ಹೊತ್ತಾಗತ್ತೆ ಎಂದೆ ನಾನು. ಆಮೇಲೆ ಒಂದೇ ಉಸಿರಿಗೆ ಬರೆದು ಪುಸ್ತಕ ನನ್ನ ಕಡೆ ತಿರುಗಿಸಿದೆ. ವಾಕ್ಯ ಹೀಗಿತ್ತು: ಈ ಮನೆಯಲ್ಲಿ ಏನೋ ಇಮ್ಮಿನೆಂಟ್ ಆಗಿದೆ, ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಗೊತ್ತು.

ನಾನು ಕೆಂಪು ಪೆನ್ನಿನಿಂದ 'ಏನೋ' ಎಂಬುದರ ಕೆಳಗೆ ಗೆರೆ ಎಳೆದೆ. "ಏನೋ ಅಂದ್ರೆ ಏನು? ಕರ್ತೃ ಸ್ಪಷ್ಟವಾಗಿಲ್ಲ" ಎಂದೆ.

"ಸ್ಪಷ್ಟ ಮಾಡ್ಲಾ?" ಎಂದೆ ನೀನು.

"ಬೇರೆ ವಾಕ್ಯ ಬರಿ" ಎಂದೆ.

ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ ಪುಸ್ತಕ ಎಳೆದುಕೊಂಡು, ಮಳೆ ಇಮ್ಮಿನೆಂಟ್ ಎಂದು ಬರೆದೆ. ಕಿಟಕಿಯಲ್ಲಿ ನಿಚ್ಚಳ ಬಿಸಿಲು. "ನಿಜ ಬರೀಬೇಕು ಅಂತ ಎಷ್ಟು ಸಲ ಹೇಳಿದೀನಿ" ಎಂದೆ. "ಬರತ್ತೆ, ನೋಡ್ತಿರಿ" ಎಂದು ಛತ್ರಿ ತೆಗೆದುಕೊಂಡು ಹೊರಟೆ. ಆ ದಿನ ಮಳೆ ಬರಲಿಲ್ಲ. ನಾನು ಕಚೇರಿಯ ಕಿಟಕಿಯಿಂದ ಸಂಜೆಯವರೆಗೆ ನೋಡಿದ್ದೇನೆ. ವಾಕ್ಯರಚನೆ ಸರಿಯಿದ್ದುದರಿಂದ ಪೂರ್ತಿ ಅಂಕ ಹಾಕಿದ್ದೆ.

ಮುಂದಿನ ಸೋಮವಾರ ನೀನು ವರ್ಗಾವಣೆಯ ಆದೇಶವನ್ನು ಟೀ ಲೋಟದ ಪಕ್ಕ ಇಟ್ಟು "ಎರಡು ವರ್ಷ" ಎಂದೆ. ಪರೀಕ್ಷೆಗೆ ಮೊದಲೇ ಯಾಕೆ ಎಂದು ನಾನು ಕೇಳಲಿಲ್ಲ. ಯಾರು ಕಳಿಸಿದರು ಎಂದೂ ಕೇಳಲಿಲ್ಲ. "ಒಳ್ಳೇದೇ ಆಯ್ತು, ಅನುಭವ ಬರತ್ತೆ" ಎಂದೆ. ನೀನು ಲೋಟ ತೆಗೆದುಕೊಂಡು ಹೋಗಿ ತೊಳೆದೆ. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು, ನನ್ನದು.

ಆ ಗುರುವಾರದ ವಾಕ್ಯ ಏನು ಹೇಳುತ್ತಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ದಿನಕ್ಕೆ ನಲವತ್ತು ಜನರ ವಾಕ್ಯ ತಿದ್ದುವವನಿಗೆ ವಾಕ್ಯದ ಹಿಂದೆ ಮನುಷ್ಯರಿದ್ದಾರೆಂಬುದು ಮರೆತುಹೋಗುತ್ತದೆ. ಇದು ನಮ್ಮ ಕಸುಬಿನ ರೋಗ ಎಂದು ತಿಳಿದು ಮನ್ನಿಸು.

ಇದನ್ನೆಲ್ಲ ಬರೆಯುವಾಗ ನಿನ್ನ ಕೆಲಸದ ಮಾತನ್ನೇ ಎತ್ತಿಕೊಂಡು ಬಿರುಕು, ಗಾಜಿನ ಪಟ್ಟಿ ಎಂದು ಏನಾದರೂ ಹೇಳುವ ಆಸೆ ಬಂತು. ಹಿಂದೊಮ್ಮೆ ಹಾಗೆ ಮಾಡಿದಾಗ ನೀನು, "ನಮ್ಮನ್ನ ಕಟ್ಟಡಕ್ಕೆ ಹೋಲಿಸ್ಬೇಡಿ, ಕಟ್ಟಡಕ್ಕೆ ಬೇಜಾರಾಗತ್ತೆ" ಎಂದಿದ್ದೆ. ಆದ್ದರಿಂದ ಬಿಟ್ಟಿದ್ದೇನೆ.

ಎರಡನೇ ಪ್ರಶ್ನೆ. ನಿನಗೆ ಹೇಗೆ ಅನುಕೂಲವೋ ಹಾಗೆ ಬರೆದುಕೊಡು. ಅಲ್ಲಿ ನಿನ್ನ ಕೆಲಸಕ್ಕೆ ಬೆಲೆಯಿದೆ ಎಂದು ನಿಮ್ಮಮ್ಮ ಹೇಳುತ್ತಾರೆ, ಆ ಇಪ್ಪತ್ತೆರಡು ಮನೆಯವರೂ ಹೇಳುತ್ತಿರಬೇಕು. ನಾನು ಯಾವುದಕ್ಕೂ ಅಡ್ಡಿಯಲ್ಲ. ಇಲ್ಲಿ ಮನೆ ಹೇಗಿತ್ತೋ ಹಾಗೇ ಇದೆ. ನಿನ್ನ ಮೇಜಿನ ಮೇಲಿನ ವಸ್ತುಗಳನ್ನು ಒರೆಸಿ ಅದೇ ಜಾಗದಲ್ಲಿ ಇಡುತ್ತೇನೆ.

ಎಲ್ಲಿದ್ದರೂ ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು. ಹಳೆಯ ಕಟ್ಟಡಗಳಲ್ಲಿ ಮೊದಲು ನೀನೇ ಹತ್ತಬೇಡ, ಇಂಜಿನಿಯರನ್ನೂ ಹತ್ತಿಸು. ನಿನ್ನ ಕಣ್ಣಳತೆಗೆ, ಕೈಗೆ, ಕಾಲಿಗೆ ಯಾವ ಕುಂದೂ ಬಾರದಿರಲಿ.

ಇತಿ ನಿನ್ನ
ಮೇಷ್ಟ್ರು

ತಾ.ಕ. ಮಾರ್ಚ್ 26, ಶನಿವಾರ

ಮಂಗಳವಾರವೇ ಈ ಕಾಗದ ಮುಗಿದಿತ್ತು. ಬುಧವಾರ ಲಕೋಟೆಗೆ ಹಾಕಿದೆ, ಅಂಟಿಸಲಿಲ್ಲ. ಕಚೇರಿಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿ ಇದೆ. ಬುಧ, ಗುರು, ಶುಕ್ರ, ಮೂರು ದಿನವೂ ಅದರ ಮುಂದೆ ಹಾದುಹೋದೆ. ಲಕೋಟೆ ಒಳಜೇಬಿನಲ್ಲೇ ಇತ್ತು. ಇಲ್ಲಿಂದ ಅಲ್ಲಿಗೆ ಅಂಚೆಗೆ ನಾಲ್ಕು ದಿನ ಬೇಕು. ಗುರುವಾರ ಹಾಕದಿದ್ದರೆ ಇಪ್ಪತ್ತೆಂಟರೊಳಗೆ ತಲುಪದು ಎಂಬುದು ನನಗೆ ಗೊತ್ತಿತ್ತು. ಗುರುವಾರ ದಾಟಿದ ಮೇಲೆ ಒಂದು ಥರದ ನಿರಾಳವಾಯಿತು. ಆ ನಿರಾಳ ನನಗೆ ಪರಿಚಯದ್ದು. ಅದು ಎಲ್ಲಿಯದೆಂದು ನಿನ್ನೆ ಕಚೇರಿಯಲ್ಲಿ ಕೂತಿದ್ದಾಗ ನೆನಪಾಯಿತು. ಉಳಿದ ಕಟ್ಟನ್ನು ತಿದ್ದದೆ ಎದ್ದು ಬಂದೆ.

ಮೇಲೆ ನಾನು ಹೊಳೆಯಲಿಲ್ಲ ಎಂದು ಬರೆದದ್ದು ಸುಳ್ಳು. ಆ ಗುರುವಾರಕ್ಕೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ, ನನಗೆ ರಜೆಯಿತ್ತು. ನಿಮ್ಮ ಶಾಖೆಯ ಗುಮಾಸ್ತರು ಮನೆಗೆ ಫೋನ್ ಮಾಡಿದರು. ನೀನು ಸೈಟಿನಲ್ಲಿದ್ದೆ. "ಮೇಡಂ ದೂರದ ಪೋಸ್ಟಿಂಗಿಗೆ ತಾವಾಗೇ ಹೆಸರು ಕೊಟ್ಟಿದ್ದಾರಲ್ಲ ಸಾರ್, ವಾಪಸ್ ತಗೊಳ್ಳೋದಿದ್ರೆ ಶುಕ್ರವಾರ ಸಂಜೆ ಐದರ ತನಕ ಟೈಮಿದೆಯಂತೆ, ಇವತ್ತು ಸುತ್ತೋಲೆ ಬಂತು, ದಯವಿಟ್ಟು ಹೇಳ್ಬಿಡಿ" ಎಂದರು. ಹೇಳುತ್ತೇನೆ ಎಂದೆ. ಥ್ಯಾಂಕ್ಸ್ ಕೂಡ ಹೇಳಿದೆ.

ನಿನಗೆ ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ, ಬುಧವಾರ ಹೇಳಲಿಲ್ಲ. ನೀನಾಗಿಯೇ ಬಾಯಿಬಿಡಲಿ ಎಂದು ಕಾದೆ. ಗುರುವಾರ ನೀನು ಬಾಯಿಬಿಟ್ಟೆ, ನಿನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ನಾನೇ ಕಲಿಸಿದ ರೀತಿಯಲ್ಲಿ. ಅಂದರೆ ಆ ವಾಕ್ಯ ಓದುವಾಗ ನಮ್ಮಿಬ್ಬರಿಗೂ ಗೊತ್ತಿತ್ತು. ನನಗೆ ಅರ್ಥವಾಗದೆ ಗೆರೆ ಎಳೆದದ್ದಲ್ಲ. ಅರ್ಥವಾಯಿತು, ಅದಕ್ಕೇ ಎಳೆದೆ. ಸ್ಪಷ್ಟ ಮಾಡಲಾ ಎಂದು ನೀನು ಕೇಳಿದಾಗ ಹ್ಞೂಂ ಎಂದಿದ್ದರೆ ನೀನು ಹೇಳುತ್ತಿದ್ದೆ. ಹೇಳಿದರೆ ನಾನು ಹೋಗಬೇಡ ಎನ್ನಬೇಕಿತ್ತು, ನೀನು ನಿಲ್ಲುತ್ತಿದ್ದೆ. ಆಮೇಲೆ ದಿನವೂ ಬೆಳಿಗ್ಗೆ ಎದುರಿಗೆ ಕೂತವಳು ನಾನು ಕೇಳಿಕೊಂಡದ್ದಕ್ಕೆ ನಿಂತವಳು ಎಂಬುದನ್ನು ನೋಡುತ್ತ ಟೀ ಕುಡಿಯಬೇಕಿತ್ತು. ಕೇಳಿಕೊಂಡವನಾಗುವುದಕ್ಕಿಂತ ಬಿಟ್ಟುಹೋಗಲ್ಪಟ್ಟವನಾಗುವುದು ನನಗೆ ಸುಲಭವೆನಿಸಿತು. ಎಲ್ಲರೂ ಮರುಕ ತೋರಿಸುತ್ತಾರೆ. ನಿಮ್ಮಮ್ಮ ಡಬ್ಬಿ ತಂದು ಕೊಡುತ್ತಾರೆ. ಎರಡು ವರ್ಷ ಆ ಅನ್ನ ತಿಂದಿದ್ದೇನೆ.

ಶುಕ್ರವಾರ ಸಂಜೆ ಐದು ಗಂಟೆಗೆ ನಾನು ಎಲ್ಲಿದ್ದೆ ಗೊತ್ತೇ? ಕಚೇರಿಯಲ್ಲಿ ಗಡಿಯಾರ ನೋಡುತ್ತ ಕೂತಿದ್ದೆ. ಐದಾಯಿತು. ಆಗ ಆದದ್ದೂ ಇದೇ ನಿರಾಳ.

ನಿನ್ನೆ ಸಂಜೆ ನಿಮ್ಮಮ್ಮನ ಮನೆಗೆ ಹೋಗಿ ಇದನ್ನು ಹೇಳಿದೆ. ಅವರು ಕೂತಲ್ಲಿಂದ ಏಳಲಿಲ್ಲ. "ಇದನ್ನ ನನಗ್ಯಾಕೆ ಹೇಳ್ತೀರಿ?" ಎಂದರು. ಕಾಗದದಲ್ಲಿ ಬರೆಯುತ್ತೇನೆ ಎಂದೆ. "ಬರೀರಿ ಬರೀರಿ, ಬರೆಯೋದಕ್ಕೇನು ಕಡಿಮೆ ನಿಮಗೆ" ಎಂದರು.

ಅಂಚೆಗೆ ಹಾಕಿದರೆ ಇದು ನಿನಗೆ ಬುಧವಾರ ಸಿಗುತ್ತದೆ. ಆದ್ದರಿಂದ ಹಾಕುತ್ತಿಲ್ಲ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ, ಸಂಜೆ ಐದಕ್ಕೆ ನಿನ್ನ ಮನೆಯ ಹತ್ತಿರ ಇಳಿಯುತ್ತೇನೆ. ಕಾಗದ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಈಗಾಗಲೇ ಅಲ್ಲೇ ಖಾಯಂ ಎಂದು ಬರೆದುಕೊಟ್ಟಿದ್ದರೆ ಬಾಗಿಲು ತೆಗೆಯಬೇಕಾಗಿಲ್ಲ, ಎಂಟು ಗಂಟೆಗೆ ವಾಪಸ್ ಬಸ್ಸಿದೆ. ಓದಿದ ಮೇಲೆ ಹಾಗೆ ಬರೆದುಕೊಡುವುದಾದರೂ ಅಷ್ಟೇ.

ಇನ್ನೂ ಕೊಟ್ಟಿರದಿದ್ದರೆ, ನೀನು ಕೇಳಿದ ಎರಡನೇ ಪ್ರಶ್ನೆಗೆ ನಾನು ಮಂಗಳವಾರ ಬರೆದ ಉತ್ತರವನ್ನು ಹೊಡೆದುಹಾಕು. ಸರಿಯಾದ ಉತ್ತರವನ್ನು ಇಲ್ಲಿ ಬರೆದಿಲ್ಲ. ಬಾಯಲ್ಲಿ ಹೇಳಲು ಬರುತ್ತಿದ್ದೇನೆ.